ಆತ್ಮಹತ್ಯೆ ತಡೆ: ಪುಸ್ತಕ ಎಲ್ಲ ದೇಶದಲ್ಲೂ ಇದೆ, ಕೆಲಸ ಯಾರದ್ದು?

ಪ್ರಶ್ನೆ: ಡಾಕ್ಟ್ರೇ, ನಾನು ಅರಕಲಗೂಡು ತಾಲ್ಲೂಕಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದ ನಿರ್ದೇಶಕ. ನಮ್ಮ ಹೋಬಳಿಯಲ್ಲಿ ಪರಿಚಯದ ಕೆಲವರನ್ನು ಹೀಗೆ ಕಳೆದುಕೊಂಡಿದ್ದೇವೆ. ಫಿನ್‌ಲೆಂಡ್, ಜಪಾನ್, ಶ್ರೀಲಂಕಾದವರು ರಾಷ್ಟ್ರಮಟ್ಟದಲ್ಲಿ ಯೋಜನೆ ಮಾಡಿ ಆತ್ಮಹತ್ಯೆ ಕಡಿಮೆ ಮಾಡಿದ್ದಾರೆ ಎಂದು ಓದಿದೆ. ನಮ್ಮ ದೇಶದಲ್ಲೂ 2022ರಲ್ಲಿ ಅಂಥದ್ದೊಂದು ಬಂದಿದೆಯಂತೆ. ಯಾವ ದೇಶದ್ದು ಚೆನ್ನಾಗಿದೆ? ನಮ್ಮದು ಎಲ್ಲಿ ಹಿಂದಿದೆ? ಇನ್ನೊಂದು, ರೈತರು ಬೆಳೆಗೆ ಹೊಡೆಯುವ ಔಷಧಿ (ಕೀಟನಾಶಕ) ಇಡಲು ಬೀಗದ ಪೆಟ್ಟಿಗೆ ಹಂಚೋಣ ಎಂಬ ಮಾತು ನಮ್ಮ ಸಭೆಯಲ್ಲಿ ಬಂದಿದೆ. ಅದು ಸರಿಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಬೀಗದ ಪೆಟ್ಟಿಗೆಗೆ ಸಂಘದ ದುಡ್ಡು ಹಾಕಬೇಡಿ. ಕಾರಣ ಮುಂದೆ ಬರುತ್ತದೆ.

ಅದಕ್ಕೂ ಮುಂಚೆ ಒಂದು ಮಾತು. ಇದನ್ನು ಓದುತ್ತಿರುವ ಯಾರಿಗಾದರೂ ಬದುಕೇ ಸಾಕು ಅನ್ನಿಸುತ್ತಿದ್ದರೆ, ಓದುವುದನ್ನು ಬಿಟ್ಟು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಅದರ ಹೆಸರು. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರ ಬಗ್ಗೆ ಆತಂಕ ಇದ್ದರೆ ನೀವು ಕೂಡ ಕರೆ ಮಾಡಿ ಕೇಳಬಹುದು.

ಈಗ ಹೋಲಿಕೆಗೆ ಬರೋಣ. ಬೇರೆ ಬೇರೆ ದೇಶಗಳ ಕಾರ್ಯತಂತ್ರದ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಬೇಗ ಬೇಜಾರಾಗುತ್ತದೆ. ಎಲ್ಲದರಲ್ಲೂ ಅದೇ ಮಾತು. ಜನರಿಗೆ ಅರಿವು ಮೂಡಿಸಬೇಕು, ಸಿಬ್ಬಂದಿಗೆ ತರಬೇತಿ ಕೊಡಬೇಕು, ಸಹಾಯವಾಣಿ ಬೇಕು, ಪತ್ರಿಕೆಯವರು ಜವಾಬ್ದಾರಿಯಿಂದ ಬರೆಯಬೇಕು. ವಿಶ್ವಸಂಸ್ಥೆ 1996ರಲ್ಲೇ ಇದಕ್ಕೊಂದು ಮಾರ್ಗಸೂಚಿ ಕೊಟ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಲ್ಲವನ್ನೂ ನಾಲ್ಕು ಕೆಲಸಕ್ಕೆ ಇಳಿಸಿತು. ಪ್ರಾಣ ತೆಗೆಯುವ ವಸ್ತುಗಳು ಸುಲಭವಾಗಿ ಕೈಗೆ ಸಿಗದಂತೆ ಮಾಡುವುದು, ಮಾಧ್ಯಮದ ಜೊತೆ ಕೆಲಸ ಮಾಡುವುದು, ಹದಿಹರೆಯದವರಿಗೆ ಕಷ್ಟ ನಿಭಾಯಿಸಲು ಕಲಿಸುವುದು, ಅಪಾಯದಲ್ಲಿ ಇರುವವರನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟು ಆಮೇಲೂ ವಿಚಾರಿಸುತ್ತಿರುವುದು. ಯಾವುದೂ ತಪ್ಪಲ್ಲ. ಆದರೆ ಪುಸ್ತಕ ನೋಡಿ ಯಾವ ದೇಶ ಮುಂದಿದೆ ಅಂತ ಹೇಳಲು ಆಗುವುದಿಲ್ಲ. ನಾನು ಎರಡು ವಿಷಯ ಹುಡುಕುತ್ತೇನೆ. ಆರೋಗ್ಯ ಇಲಾಖೆಯ ಹೊರಗೆ ಯಾರಿಗೆ ಯಾವ ಕೆಲಸ ವಹಿಸಿದ್ದಾರೆ? ಆ ಕೆಲಸ ಆಗದಿದ್ದರೆ ಕೇಳುವವರು ಯಾರು?

ಈ ಕಣ್ಣಿನಿಂದ ನೋಡಿದರೆ ನಮಗೆ ಎಲ್ಲಕ್ಕಿಂತ ಹತ್ತಿರದ ಪಾಠ ಶ್ರೀಲಂಕಾದ್ದು. 1995ರಲ್ಲಿ ಅಲ್ಲಿ ಪ್ರತಿ ಲಕ್ಷ ಜನರಲ್ಲಿ ಸುಮಾರು 47 ಮಂದಿ ಆತ್ಮಹತ್ಯೆಯಿಂದ ಸಾಯುತ್ತಿದ್ದರು. ಆಗ ಜಗತ್ತಿನಲ್ಲೇ ತುಂಬಾ ಜಾಸ್ತಿ ಇದ್ದ ದೇಶಗಳಲ್ಲಿ ಅದೂ ಒಂದು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಹೊಲ ಗದ್ದೆಗೆ ತಂದಿಟ್ಟ ಔಷಧಿಯಿಂದಲೇ ಸತ್ತವರು. 1997ರಲ್ಲಿ ರಾಷ್ಟ್ರಾಧ್ಯಕ್ಷರು ಒಂದು ಸಮಿತಿ ಮಾಡಿದರು. ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಕಾನೂನು 1998ರಲ್ಲಿ ಹೋಯಿತು. ಇವು ಸುದ್ದಿಯಾದ ಕೆಲಸಗಳು. ನಿಜವಾಗಿ ಸಾವು ತಗ್ಗಿಸಿದ್ದು ಅಷ್ಟೇನೂ ಸುದ್ದಿಯಾಗದ ಒಂದು ಕಚೇರಿ. ಅದು ಕೀಟನಾಶಕಗಳ ರಿಜಿಸ್ಟ್ರಾರ್ ಕಚೇರಿ. ಯಾವ ಔಷಧಿ ದೇಶದೊಳಗೆ ಬರಬಹುದು, ಯಾವುದು ಬರಬಾರದು ಅಂತ ತೀರ್ಮಾನ ಮಾಡುವ ಅಧಿಕಾರ 1980ರ ಕಾಯ್ದೆಯಲ್ಲೇ ಅದಕ್ಕಿತ್ತು. ಯಾವುದರಿಂದ ಹೆಚ್ಚು ಜನ ಸಾಯುತ್ತಿದ್ದಾರೆ ಎಂಬ ಲೆಕ್ಕ ಇಟ್ಟುಕೊಂಡು 1995ರಲ್ಲಿ ಕೆಲವು, 1998ರಲ್ಲಿ ಇನ್ನೊಂದು, 2008ರಿಂದ 2011ರ ಒಳಗೆ ಮತ್ತಷ್ಟು ಔಷಧಿಗಳನ್ನು ಬಂದ್ ಮಾಡಿದರು. 2015ರ ಹೊತ್ತಿಗೆ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 70ರಷ್ಟು ಇಳಿದಿತ್ತು. ಆ 20 ವರ್ಷದಲ್ಲಿ ಸುಮಾರು 93,000 ಜೀವ ಉಳಿದವು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಇಳುವರಿ ಕುಸಿಯಲಿಲ್ಲ. ಕಡಿಮೆ ವಿಷದ ಬೇರೆ ಔಷಧಿಗಳು ಇದ್ದವು, ರೈತರು ಅವಕ್ಕೆ ಹೊಂದಿಕೊಂಡರು.

ಇಲ್ಲಿ ನಮ್ಮ ಸಭೆಗಳಲ್ಲಿ ತಪ್ಪದೆ ಬರುವ ವಾದ ಒಂದಿದೆ. "ಸಾಯಬೇಕು ಅಂತ ತೀರ್ಮಾನ ಮಾಡಿದವನು ಇದಲ್ಲದಿದ್ದರೆ ಇನ್ನೊಂದು ದಾರಿ ಹುಡುಕುತ್ತಾನೆ ಬಿಡಿ." ಶ್ರೀಲಂಕಾದ ಲೆಕ್ಕ ಹಾಗೆ ಹೇಳುವುದಿಲ್ಲ. ವಿಷ ಸೇವಿಸಿ ಆಸ್ಪತ್ರೆಗೆ ಬರುವವರ ಸಂಖ್ಯೆ ಬೇಗ ಇಳಿಯಲಿಲ್ಲ. ಆದರೆ ಬಂದವರಲ್ಲಿ ಬದುಕಿ ಮನೆಗೆ ಹೋದವರು ಜಾಸ್ತಿಯಾದರು. ಸಾವಿನ ಯೋಚನೆ ಜೋರಾಗುವ ಹೊತ್ತು ಬಹಳ ಸಲ ಗಂಟೆಗಳಲ್ಲಿ, ಕೆಲವು ಸಲ ನಿಮಿಷಗಳಲ್ಲಿ ದಾಟಿಹೋಗುತ್ತದೆ. ಜಗಳದ ರಾತ್ರಿ, ಕುಡಿದ ಸಂಜೆ, ಬ್ಯಾಂಕಿನವರು ಬಂದುಹೋದ ಮಧ್ಯಾಹ್ನ. ಆ ಹೊತ್ತು ದಾಟಿಸಿದರೆ ಹೆಚ್ಚಿನವರು ಬದುಕುತ್ತಾರೆ. ಒಮ್ಮೆ ಯತ್ನಿಸಿ ಉಳಿದವರಲ್ಲಿ ಹತ್ತಕ್ಕೆ ಒಂಬತ್ತು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಇದು ಎಷ್ಟೋ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು.

ಪೆಟ್ಟಿಗೆ ವಿಷಯವೂ ಅಲ್ಲಿಂದಲೇ ಗೊತ್ತಾಗಿದ್ದು. ಶ್ರೀಲಂಕಾದ 180 ಹಳ್ಳಿಗಳಲ್ಲಿ, 50,000ಕ್ಕೂ ಹೆಚ್ಚು ಮನೆಗಳನ್ನು ಸೇರಿಸಿ ದೊಡ್ಡ ಪ್ರಯೋಗ ಮಾಡಿದರು. ಅರ್ಧ ಹಳ್ಳಿಗಳಿಗೆ ಬೀಗದ ಪೆಟ್ಟಿಗೆ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. 2017ರಲ್ಲಿ ಫಲಿತಾಂಶ ಬಂತು. ಎರಡೂ ಕಡೆ ವ್ಯತ್ಯಾಸ ಇಲ್ಲ. ಯೋಚನೆ ಮಾಡಿದರೆ ಆಶ್ಚರ್ಯವೇನಲ್ಲ. ಬೀಗದ ಕೈ ಎಲ್ಲಿದೆ ಅಂತ ಮನೆಯಲ್ಲಿ ಯಾರಿಗೆ ಗೊತ್ತಿರುವುದಿಲ್ಲ? ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದು ನಾಲ್ಕು ದಿನಕ್ಕೊಮ್ಮೆ ಔಷಧಿ ಹೊಡೆಯುವಾಗ ಪೆಟ್ಟಿಗೆಗೆ ಬೀಗ ಹಾಕಿ ತೆಗೆದು ಯಾರು ಮಾಡುತ್ತಾರೆ? ಮಕ್ಕಳ ಕೈಗೆ ಸಿಗದಂತೆ ಇಡುವುದು ಒಳ್ಳೆಯದೇ, ಅದನ್ನು ಬೇಡ ಅನ್ನುವುದಿಲ್ಲ. ಮನೆಯಲ್ಲಿ ಒಬ್ಬರ ಬಗ್ಗೆ ಆತಂಕ ಇದ್ದರಂತೂ ಬೀಗ ನಂಬಬೇಡಿ. ಔಷಧಿಯನ್ನು ಆ ಮನೆಯಿಂದಲೇ ಸಾಗಿಸಿ, ನೆಂಟರ ಮನೆಯಲ್ಲೋ ಬೇರೆ ಕಡೆಯೋ ಇಡಿ. ಆದರೆ ಹೋಬಳಿಗೆಲ್ಲ ಪೆಟ್ಟಿಗೆ ಹಂಚಿ ಫೋಟೋ ತೆಗೆಸಿಕೊಂಡರೆ ಕೆಲಸ ಮುಗಿಯಿತು ಎಂಬ ಭಾವನೆ ಬರುತ್ತದಲ್ಲ, ನನಗೆ ಅದರ ಭಯ.

ಇನ್ನು ಜಪಾನ್. ಅಲ್ಲಿನ ಕಥೆ ಹೊಲದ್ದಲ್ಲ, ಸಾಲ ಮತ್ತು ಕೆಲಸದ್ದು. 1997ರಲ್ಲಿ ಸುಮಾರು 24,000 ಇದ್ದ ಆತ್ಮಹತ್ಯೆಗಳು ಆರ್ಥಿಕ ಕುಸಿತದ ಮರುವರ್ಷವೇ 32,000 ದಾಟಿದವು. ಆಮೇಲೆ 2011ರವರೆಗೆ ಒಂದು ವರ್ಷವೂ 30,000ದ ಕೆಳಗೆ ಬರಲಿಲ್ಲ. ಮೊದಮೊದಲು ಅವರೂ ನಮ್ಮ ಹಾಗೇ ಖಿನ್ನತೆ, ಮನೋವೈದ್ಯರು, ಮಾತ್ರೆ ಅಂತಲೇ ಯೋಚಿಸಿದರು. ಮನೆಯವರನ್ನು ಕಳೆದುಕೊಂಡವರು, ಅವರ ಜೊತೆಗಿದ್ದ ಸಂಘಟನೆಗಳು ಬೀದಿಗಿಳಿದು ಒಂದು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದ ಮೇಲೆ 2006ರಲ್ಲಿ ಕಾಯ್ದೆಯೇ ಬಂತು. ಇದು ಒಬ್ಬೊಬ್ಬರ ಖಾಸಗಿ ವಿಷಯ ಅಲ್ಲ, ಸಮಾಜದ ಹೊಣೆ ಅಂತ ಆ ಕಾಯ್ದೆ ನೇರವಾಗಿ ಹೇಳುತ್ತದೆ. ಅದೇ ಹೊತ್ತಿಗೆ ಲೇವಾದೇವಿ ಕಾನೂನನ್ನೂ ತಿದ್ದಿದರು. 2010ರಿಂದ ಅದು ಪೂರ್ತಿ ಜಾರಿಯಾಯಿತು. ಬಡ್ಡಿ ಶೇ 20ರ ಮೇಲೆ ಹೋಗುವಂತಿಲ್ಲ, ಒಬ್ಬರಿಗೆ ಅವರ ವರ್ಷದ ಆದಾಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೈಸಾಲ ಕೊಡುವಂತಿಲ್ಲ. ಇದನ್ನು ಆತ್ಮಹತ್ಯೆ ತಡೆ ಅಂತ ಯಾರೂ ಬೋರ್ಡ್ ಹಾಕಲಿಲ್ಲ. ನನ್ನ ಪ್ರಕಾರ ಅದು ತಡೆಯೇ.

2016ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಪ್ರತಿ ಪ್ರಾಂತ್ಯ, ಪ್ರತಿ ಊರಿನ ಆಡಳಿತ ತನ್ನದೇ ಯೋಜನೆ ಮಾಡಲೇಬೇಕು ಅಂದರು. ಸುಮ್ನೆ ಯೋಜನೆ ಮಾಡಿ ಅಂದರೆ ಹೇಗೆ ಮಾಡುತ್ತಾರೆ? ಅಂಕಿಅಂಶವನ್ನೂ ಕೊಟ್ಟರು. ಯಾವ ಊರಿನಲ್ಲಿ, ಯಾವ ವಯಸ್ಸಿನವರು, ಯಾವ ಕೆಲಸದವರು ಎಂಬ ಲೆಕ್ಕ ಅಲ್ಲಿ ತಿಂಗಳು ತಿಂಗಳೂ ಪ್ರಕಟವಾಗುತ್ತದೆ. 2019ರಲ್ಲಿ ಒಟ್ಟು ಸಂಖ್ಯೆ ಸುಮಾರು 20,000ಕ್ಕೆ ಬಂತು. ಕೋವಿಡ್ ವರ್ಷ ಹೆಂಗಸರಲ್ಲಿ ಏರಿದಾಗ ಕೂಡಲೇ ಗೊತ್ತಾಗಿದ್ದೂ ಆ ಮಾಸಿಕ ಲೆಕ್ಕದಿಂದಲೇ. ಎಲ್ಲ ಸರಿಹೋಗಿದೆ ಅಂತಲ್ಲ. ಶಾಲಾ ಮಕ್ಕಳ ಆತ್ಮಹತ್ಯೆ 2022ರಲ್ಲಿ ಮೊದಲ ಸಲ 500 ದಾಟಿತು. ದೊಡ್ಡವರ ಸಾಲಕ್ಕೆ ಮಾಡಿದ ಉಪಾಯ ಮಕ್ಕಳ ಕಷ್ಟಕ್ಕೆ ನಾಟಲಿಲ್ಲ.

ದಕ್ಷಿಣ ಕೊರಿಯಾ 2004ರಿಂದ ಒಂದರ ಮೇಲೊಂದು ಯೋಜನೆ ಮಾಡುತ್ತಲೇ ಇದೆ. ಶ್ರೀಮಂತ ದೇಶಗಳ ಪಟ್ಟಿಯಲ್ಲಿ ಇವತ್ತಿಗೂ ಅದರದೇ ಎಲ್ಲಕ್ಕಿಂತ ಹೆಚ್ಚಿನ ಪ್ರಮಾಣ. ಅಲ್ಲಿ ಕೂಡ ಕಣ್ಣಿಗೆ ಕಾಣುವಂತೆ ಕೆಲಸ ಮಾಡಿದ್ದು ಅತಿ ವಿಷದ ಒಂದು ಕಳೆನಾಶಕವನ್ನು 2011–12ರಲ್ಲಿ ನಿಲ್ಲಿಸಿದ್ದೇ. ಮುದುಕರ ಬಡತನ ಹಾಗೇ ಉಳಿದಿದೆ.

ಅಮೆರಿಕದ ಉದಾಹರಣೆ ಪುಸ್ತಕ ನಂಬುವವರಿಗೆ ಒಳ್ಳೆಯ ಮದ್ದು. 2001ರಲ್ಲಿ ಮೊದಲ ಕಾರ್ಯತಂತ್ರ, 2012ರಲ್ಲಿ ಎರಡನೆಯದು, 2024ರಲ್ಲಿ ಇನ್ನೊಂದು. ಅಚ್ಚುಕಟ್ಟಾದ ಪುಸ್ತಕಗಳು, ದೊಡ್ಡ ಸಂಶೋಧನೆ, ದುಡ್ಡಿಗೂ ಕೊರತೆ ಇಲ್ಲ. 1999ರಿಂದ 2018ರ ನಡುವೆ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 35 ಏರಿತು. ಸತ್ತವರಲ್ಲಿ ಅರ್ಧಕ್ಕರ್ಧ ಬಂದೂಕಿನಿಂದ ಸತ್ತವರು. ಅದಕ್ಕೆ ಕೈ ಹಾಕಲು ಅಲ್ಲಿನ ರಾಜಕೀಯ ಬಿಡುವುದಿಲ್ಲ. ಮುಟ್ಟಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಚೆನ್ನಾಗಿ ಬರೆದರೆ ಹೀಗಾಗುತ್ತದೆ.

ಇದಕ್ಕೆ ತದ್ವಿರುದ್ಧ ಚೀನಾ. ರಾಷ್ಟ್ರೀಯ ಕಾರ್ಯತಂತ್ರ ಅಂತ ಒಂದಿಲ್ಲದೆಯೇ 1990ರ ದಶಕದಿಂದೀಚೆ ಅಲ್ಲಿನ ಪ್ರಮಾಣ ತುಂಬಾ ಇಳಿದಿದೆ, ಅದರಲ್ಲೂ ಹಳ್ಳಿಯ ಹೆಣ್ಣುಮಕ್ಕಳಲ್ಲಿ. ಅವರು ಪಟ್ಟಣಕ್ಕೆ ಕೆಲಸಕ್ಕೆ ಹೋದರು. ಕೈಯಲ್ಲಿ ದುಡ್ಡು ಬಂತು. ಜಗಳದ ಮನೆಯಿಂದಲೂ ಔಷಧಿ ಡಬ್ಬಿಯಿಂದಲೂ ದೂರ ಆದರು. ಯೋಜನೆ ಬರೆಯುವ ನಮ್ಮಂಥವರು ಸ್ವಲ್ಪ ತಗ್ಗಿ ನಡೆಯಬೇಕು ಅನ್ನಿಸುವುದು ಇಂಥದ್ದನ್ನು ನೋಡಿದಾಗ.

ಫಿನ್‌ಲೆಂಡ್ ಬಗ್ಗೆ ಕೇಳಿದ್ದೀರಿ. ಸಂಶೋಧನೆ ಆಧರಿಸಿ ದೇಶಕ್ಕೆಲ್ಲ ಕಾರ್ಯಕ್ರಮ ಮಾಡಿದವರಲ್ಲಿ ಅವರೇ ಮೊದಲಿಗರು. 1986ರಲ್ಲಿ ಶುರುವಾಗಿ ಹತ್ತು ವರ್ಷ ನಡೆಯಿತು. ಪೋಸ್ಟರ್ ಅಂಟಿಸುವ ಮೊದಲು ಅವರು ಮಾಡಿದ ಕೆಲಸ ನನಗೆ ಬಹಳ ಇಷ್ಟ. 1987ರ ಏಪ್ರಿಲ್‌ನಿಂದ ಒಂದು ವರ್ಷ ದೇಶದಲ್ಲಿ ನಡೆದ ಪ್ರತಿ ಆತ್ಮಹತ್ಯೆಯನ್ನೂ, ಸುಮಾರು 1,400 ಸಾವುಗಳನ್ನು, ಒಂದೊಂದಾಗಿ ವಿಚಾರಿಸಿದರು. ಮನೆಯವರ ಹತ್ತಿರ ಕೂತು ಮಾತಾಡಿದರು, ಆಸ್ಪತ್ರೆ ದಾಖಲೆ ನೋಡಿದರು. ಖಿನ್ನತೆ ಮತ್ತು ಕುಡಿತ ಎರಡೂ ದೊಡ್ಡದಾಗಿ ಕಂಡವು. ಖಿನ್ನತೆ ಇದ್ದವರಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕವರು ತೀರಾ ಕಡಿಮೆ ಅಂತಲೂ ಗೊತ್ತಾಯಿತು. ಕೆಲಸ ಅಲ್ಲಿಂದ ಶುರುವಾಯಿತು. 1990ರಲ್ಲಿ ಲಕ್ಷಕ್ಕೆ 30ರ ಆಸುಪಾಸಿನಲ್ಲಿದ್ದ ಪ್ರಮಾಣ ಈಗ ಅದರ ಅರ್ಧಕ್ಕೂ ಕಡಿಮೆ.

ನಮ್ಮಲ್ಲಿ ವಿಚಾರಣೆ ಹೇಗಿರುತ್ತದೆ ನಿಮಗೇ ಗೊತ್ತು. ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾಗುತ್ತದೆ. ಮನೆಯವರು ಒಂದು ಕಾರಣ ಹೇಳುತ್ತಾರೆ. "ಹೊಟ್ಟೆನೋವು ತಾಳಲಾರದೆ" ಎಂಬ ಸಾಲನ್ನು ಪತ್ರಿಕೆಯ ಮೂಲೆಯಲ್ಲಿ ನಾವೆಲ್ಲ ಎಷ್ಟು ಸಲ ಓದಿಲ್ಲ? ಕೆಲವರಿಗೆ ನಿಜಕ್ಕೂ ಹೊಟ್ಟೆನೋವು ಇದ್ದಿರಬಹುದು. ಬಹಳ ಕಡೆ ಅದು ಮರ್ಯಾದೆ ಉಳಿಸುವ ಮಾತು. ರೈತ ಸತ್ತರೆ ಪರಿಹಾರದ ವಿಚಾರಣೆಯೂ ಆಗುತ್ತದೆ. ಅಲ್ಲಿ ಕೇಳುವುದು ಪಹಣಿ ಯಾರ ಹೆಸರಲ್ಲಿದೆ, ಸಾಲದ ದಾಖಲೆ ಇದೆಯೇ ಅಂತ. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸು, ಗೇಣಿಗೆ ಜಮೀನು ಹಿಡಿದು ಶುಂಠಿ ಹಾಕಿದವನು, ತೋಟದ ಕೂಲಿ, ಇವರೆಲ್ಲ ಆ ಲೆಕ್ಕದಿಂದ ಜಾರಿಹೋಗುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆ. ಅದರಲ್ಲಿ ದಿನಗೂಲಿಯವರು ಶೇ 26.4, ಕೃಷಿಕರು ಮತ್ತು ಕೃಷಿ ಕೂಲಿಗಳು ಸೇರಿ ಶೇ 6.6. ಕಾರಣ ಅಂತ ಬರೆದದ್ದರಲ್ಲಿ ಶೇ 31.7 ಕೌಟುಂಬಿಕ ಸಮಸ್ಯೆ, ಶೇ 18.4 ಕಾಯಿಲೆ. ನಾವು ಸಾಲ ಮತ್ತು ರೈತ ಅಂತ ಮಾತಾಡುವಷ್ಟು ಕೂಲಿ ಮತ್ತು ಮನೆ ಜಗಳ ಅಂತ ಮಾತಾಡುವುದಿಲ್ಲ, ಅಲ್ವಾ? ಹಾಗಂತ ಒಂದು ಸಾವಿಗೆ ಒಂದೇ ಕಾರಣ ಇರುವುದು ಅಪರೂಪ. ಆ ಕಾಲಂ ತುಂಬುವ ಪೊಲೀಸರು ಯಾವುದಾದರೂ ಒಂದನ್ನು ಬರೆಯಲೇಬೇಕು, ಅಷ್ಟೇ.

ಈಗ ನಮ್ಮ ದೇಶದ ಕಾರ್ಯತಂತ್ರ. 2022ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಬಿಡುಗಡೆ ಮಾಡಿತು. 2020ಕ್ಕೆ ಹೋಲಿಸಿ 2030ರೊಳಗೆ ಆತ್ಮಹತ್ಯೆ ಪ್ರಮಾಣವನ್ನು ಶೇ 10 ಇಳಿಸಬೇಕು ಎಂಬುದು ಗುರಿ. ಮೂರು ವರ್ಷದಲ್ಲಿ ಲೆಕ್ಕ ಇಡುವ ವ್ಯವಸ್ಥೆ, ಐದು ವರ್ಷದಲ್ಲಿ ಎಲ್ಲ ಜಿಲ್ಲೆಯಲ್ಲೂ ಮನೋವೈದ್ಯಕೀಯ ಹೊರರೋಗಿ ವಿಭಾಗ, ಎಂಟು ವರ್ಷದಲ್ಲಿ ಎಲ್ಲ ಶಾಲಾ ಕಾಲೇಜಿನಲ್ಲಿ ಮಾನಸಿಕ ಆರೋಗ್ಯದ ಪಾಠ. ಗುರಿ ದೊಡ್ಡದೇನಲ್ಲ. ಆದರೂ 2020ರಲ್ಲಿ ಲಕ್ಷಕ್ಕೆ 11.3 ಇದ್ದದ್ದು 2022ರಲ್ಲಿ 12.4 ಆಗಿತ್ತು. ಅಂದರೆ ಹೊರಡುವಾಗಲೇ ಹಿಂದಕ್ಕೆ ಬಿದ್ದಿದ್ದೆವು. ಪುಸ್ತಕದಲ್ಲಿ ಕೃಷಿ, ಶಿಕ್ಷಣ, ಮಾಧ್ಯಮ ಎಲ್ಲರ ಹೆಸರೂ ಇದೆ. ಕೃಷಿಯವರು ತಮ್ಮ ಪಾಲಿನ ಕೆಲಸ ಮಾಡದಿದ್ದರೆ ಯಾರು ಕೇಳಬೇಕು ಎಂಬುದಕ್ಕೆ ಮಾತ್ರ ಉತ್ತರ ಸಿಗುವುದಿಲ್ಲ. ನಮ್ಮದು ಹಿಂದಿರುವುದು ಅಲ್ಲಿ.

ಕೀಟನಾಶಕವನ್ನೇ ನೋಡಿ. 2018ರಲ್ಲಿ ಕೇಂದ್ರ 18 ಕೀಟನಾಶಕಗಳ ನಿಷೇಧಕ್ಕೆ ಆದೇಶ ಮಾಡಿತು. 2020ರ ಮೇನಲ್ಲಿ ಇನ್ನೂ 27ರ ನಿಷೇಧಕ್ಕೆ ಕರಡು ಬಂತು. ಕಂಪನಿಗಳ ಆಕ್ಷೇಪ, ಸಮಿತಿ, ಮತ್ತೊಂದು ಸಮಿತಿ ಎಲ್ಲ ಮುಗಿದು 2023ರಲ್ಲಿ ಅಂತಿಮವಾಗಿದ್ದು ಬೆರಳೆಣಿಕೆಯಷ್ಟು. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರ ತಾನಾಗಿ ಒಂದು ಔಷಧಿಯ ಮಾರಾಟ ತಡೆಯಬಹುದಾದದ್ದು 60 ದಿನಗಳ ಮಟ್ಟಿಗೆ, ವಿಸ್ತರಿಸಿದರೂ 90 ದಿನ ಅಷ್ಟೇ. ಆದರೂ ಪಕ್ಕದ ಕೇರಳ 2011ರಲ್ಲಿ 14 ಕೀಟನಾಶಕಗಳನ್ನು ನಿಲ್ಲಿಸಿತು. ಆಮೇಲೆ ಅಲ್ಲಿ ಕೀಟನಾಶಕದಿಂದ ಆಗುವ ಆತ್ಮಹತ್ಯೆಗಳು ಕಡಿಮೆಯಾದವು, ಬೆಳೆ ಇಳುವರಿಗೆ ಏಟು ಬೀಳಲಿಲ್ಲ. ಮನಸ್ಸಿದ್ದರೆ ರಾಜ್ಯವೂ ಮಾಡಬಹುದು ಎನ್ನಲು ಇದು ಸಾಕು.

ನಮ್ಮ ರಾಜ್ಯದಲ್ಲಿ ಏನೂ ಆಗಿಲ್ಲ ಅಂದರೆ ತಪ್ಪಾಗುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಪದ್ಧತಿ ಇದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ತಂದರು. ಫೇಲಾದರೆ ವರ್ಷವೇ ಹೋಯಿತು ಎಂಬ ಭಯ ಅಷ್ಟರಮಟ್ಟಿಗೆ ತಗ್ಗುತ್ತದೆ. ಮೈಕ್ರೋಫೈನಾನ್ಸ್ ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಜಪಾನಿನ ಲೇವಾದೇವಿ ತಿದ್ದುಪಡಿ ನೆನಪಿಸಿಕೊಳ್ಳಿ, ಇದು ಅದೇ ಜಾತಿಯ ಕೆಲಸ. ವಸೂಲಿಯವರು ಮನೆ ಬಾಗಿಲಿಗೆ ಬಂದಾಗ ಠಾಣೆಯವರು ಆ ಕಾನೂನನ್ನು ಕೈಗೆತ್ತಿಕೊಳ್ಳುತ್ತಾರೋ ಇಲ್ಲವೋ, ಅದೇ ಮುಂದಿನ ಪ್ರಶ್ನೆ.

ಇಷ್ಟೆಲ್ಲದರಲ್ಲಿ ನಿಮ್ಮ ಸಂಘದ ಪಾಲು ಏನು? ಎರಡು ಕೆಲಸ ಹೇಳುತ್ತೇನೆ.

ನೀವು ಗೊಬ್ಬರ, ಔಷಧಿ ಮಾರುತ್ತೀರಲ್ಲ. ಯಾವುದನ್ನು ಮಾರಬೇಕು ಅಂತ ತೀರ್ಮಾನ ಮಾಡುವವರು ನೀವೇ, ಅದಕ್ಕೆ ಡೆಲ್ಲಿಯ ಆದೇಶ ಬೇಕಿಲ್ಲ. ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಯನ್ನು, ಆಲೂಗಡ್ಡೆ ಶುಂಠಿಗೆ ತೋಟಗಾರಿಕೆ ಇಲಾಖೆಯವರನ್ನು ಕರೆದು ಕೂರಿಸಿ. ನಿಮ್ಮ ಅಂಗಡಿಯಲ್ಲಿ ಇರುವ ಅತಿ ವಿಷದ ಔಷಧಿಗಳಿಗೆ ಬದಲಿ ಯಾವುದು, ಬೆಲೆ ಎಷ್ಟು ವ್ಯತ್ಯಾಸ ಅಂತ ಪಟ್ಟಿ ಮಾಡಿಸಿ. ಬೆಲೆ ಜಾಸ್ತಿ ಇದ್ದರೆ ಪೆಟ್ಟಿಗೆಗೆ ಎತ್ತಿಟ್ಟ ದುಡ್ಡನ್ನು ಅಲ್ಲಿ ಹಾಕಿ. ಒಂದು ಸಂಘ ನಿಲ್ಲಿಸಿದರೆ ಪಕ್ಕದ ಖಾಸಗಿ ಅಂಗಡಿಯಲ್ಲಿ ಸಿಗುತ್ತದೆ, ನಿಜ. ಆದ್ದರಿಂದ ತಾಲ್ಲೂಕಿನ ಉಳಿದ ಸಂಘಗಳನ್ನೂ ಸೇರಿಸಿಕೊಳ್ಳಿ.

ಎರಡನೆಯದು ಆಸ್ಪತ್ರೆಯಿಂದ ಮನೆಗೆ ಬಂದವರ ವಿಷಯ. ಅರಕಲಗೂಡಿನಿಂದ ಹಾಸನದ ದೊಡ್ಡಾಸ್ಪತ್ರೆಗೆ ಆಂಬುಲೆನ್ಸ್‌ನಲ್ಲಿ ಹೋದವರು ಬದುಕಿ ವಾಪಸ್ ಬರುತ್ತಾರೆ. ಆಮೇಲೆ? ಊರು ಸುಮ್ಮನಾಗುತ್ತದೆ. ಅವರಿಗೆ ಅಪಾಯ ಜಾಸ್ತಿ ಇರುವುದು ಆ ಮೊದಲ ವಾರಗಳಲ್ಲೇ. ಇಂಗ್ಲೆಂಡಿನಲ್ಲಿ ಮನೋವೈದ್ಯಕೀಯ ವಾರ್ಡಿನಿಂದ ಬಿಡುಗಡೆಯಾದವರನ್ನು ಏಳು ದಿನದೊಳಗೆ ಭೇಟಿ ಮಾಡಬೇಕು ಎಂಬ ನಿಯಮ ಇತ್ತು, ಈಗ ಅದನ್ನು 72 ಗಂಟೆಗೆ ಇಳಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ಊರುಗಳಲ್ಲಿ 1,867 ಜನರ ಮೇಲೆ ಒಂದು ಅಧ್ಯಯನ ಮಾಡಿತು. ಮನೆಗೆ ಕಳಿಸುವ ಹೊತ್ತಿಗೆ ಒಂದು ಗಂಟೆ ಕೂತು ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ. ಇಷ್ಟೇ. ಹೀಗೆ ವಿಚಾರಿಸಿಕೊಂಡವರಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ 0.2, ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ ಶೇ 2.2. ಮುಂದಿನ ಎಲ್ಲ ಅಧ್ಯಯನಗಳಲ್ಲೂ ಇಷ್ಟು ದೊಡ್ಡ ಫಲ ಕಂಡಿಲ್ಲ. ಆದರೂ ಇಷ್ಟು ಕಡಿಮೆ ಖರ್ಚಿನ ಕೆಲಸ ಇನ್ನೊಂದು ನನಗೆ ಗೊತ್ತಿಲ್ಲ.

ಇದನ್ನು ಸಂಘದವರು ಮಾಡಬೇಡಿ. ಸಾಲ ಕೊಟ್ಟವರೇ ಹೋಗಿ ಕ್ಷೇಮ ವಿಚಾರಿಸಿದರೆ ಆ ಮನೆಯವರಿಗೆ ಬೇರೆಯೇ ಅರ್ಥವಾಗುತ್ತದೆ. ಆಶಾ ಕಾರ್ಯಕರ್ತೆ ಮಾಡಬಹುದು, ಆರೋಗ್ಯ ಕೇಂದ್ರದ ಸಿಬ್ಬಂದಿ ಮಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಅವರಿಗೆ ಕಲಿಸಬೇಕು. ಎಷ್ಟೋ ಮನೆಯವರು ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ಪ್ರಕರಣ) ಆಗುತ್ತದೆ, ಕೇಸಾಗುತ್ತದೆ ಅಂತ ಹೆದರಿ ವಿಷಯ ಮುಚ್ಚಿಡುತ್ತಾರೆ. ಅವರಿಗೆ ಹೇಳಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಶಿಕ್ಷೆ ಕೊಡುವ ಬದಲು ಆರೈಕೆ ಕೊಡುವುದು ಸರ್ಕಾರದ ಹೊಣೆ. ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈನಲ್ಲಿ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ.

ನಿರ್ದೇಶಕರಾಗಿ ನೀವು ಮಾಡಬಹುದಾದದ್ದು ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಕಾಗದ ಬರೆಯುವುದು. ಹೋದ ಮೂರು ತಿಂಗಳಲ್ಲಿ ಹಾಸನದಿಂದ ಬಿಡುಗಡೆಯಾಗಿ ನಮ್ಮ ಹೋಬಳಿಗೆ ವಾಪಸ್ ಬಂದ ಇಂಥ ಪ್ರಕರಣಗಳು ಎಷ್ಟು, ಅವರಲ್ಲಿ ಎಷ್ಟು ಜನರನ್ನು ಯಾರಾದರೂ ಮನೆಗೆ ಹೋಗಿ ನೋಡಿದ್ದಾರೆ ಅಂತ ಕೇಳಿ. ಹೆಸರು ಬೇಡ, ಸಂಖ್ಯೆ ಸಾಕು. ಉತ್ತರ ಬರದಿದ್ದರೆ ಮುಂದಿನ ಮೂರು ತಿಂಗಳಿಗೆ ಮತ್ತೆ ಕೇಳಿ.